ಓದುಗರ ಪ್ರಶ್ನೆ: ಮಗುವಿನ ಎದೆಯ ಫಿಲ್ಮಿನಲ್ಲಿ ಕಂಡ ನೆರಳು

ಹೋದ ಸಂಚಿಕೆಯಲ್ಲಿ ಮಕ್ಕಳ ಎದೆಯ ಎಕ್ಸ್‌ರೇ ಬಗ್ಗೆ ಎರಡು ಮಾತು ಬರೆದಿದ್ದೆ. ಈ ಸಲದ ಅಂಚೆಯ ತುಂಬ ಗಡ್ಡೆಯ ಪತ್ರಗಳೇ. ಎಲ್ಲಕ್ಕೂ ಇಲ್ಲಿ ಜಾಗವಿಲ್ಲ, ಆರನ್ನು ಆರಿಸಿಕೊಂಡಿದ್ದೇನೆ. ಅವಸರದ ಪತ್ರ ಬರೆದವರ ಜೊತೆ ಫೋನಿನಲ್ಲೇ ಮಾತಾಡಿಯಾಗಿದೆ. ಅವರಿಗೆ ಹೇಳಿದ್ದನ್ನೇ ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಡಾಕ್ಟರಮ್ಮ, ನಮ್ಮ ಮಗನಿಗೆ ನಾಲ್ಕು ತಿಂಗಳು. ನೆಗಡಿ, ಕೆಮ್ಮು ಅಂತ ತೋರಿಸೋಕೆ ಹೋದಾಗ ಎಕ್ಸ್‌ರೇ ತೆಗೆಸಿದರು. ‘ಎದೆಯ ನಡುಭಾಗ ಅಗಲವಾಗಿದೆ, ಗಡ್ಡೆ ಇರಬಹುದು, ಸಿ.ಟಿ. ಮಾಡಿಸಿ’ ಅಂತ ರಿಪೋರ್ಟು ಬಂದಿದೆ. ಮಗು ಚೆನ್ನಾಗಿ ಹಾಲು ಕುಡಿಯುತ್ತೆ, ನಗುತ್ತೆ. ಅತ್ತೆ ಆಗಲೇ ಹರಕೆ ಹೊತ್ತಿದ್ದಾರೆ. ನನಗೆ ಎರಡು ದಿನದಿಂದ ನಿದ್ದೆಯಿಲ್ಲ. ಫಿಲ್ಮಿನ ಫೋಟೊ ಕಳಿಸಿದ್ದೇನೆ. (ಒಬ್ಬ ತಾಯಿ, ಹೊಸದುರ್ಗ)

ಹರಕೆ ತೀರಿಸಿಬಿಡಿ, ಸಿ.ಟಿ. ಸದ್ಯಕ್ಕೆ ತಡೆಯಿರಿ. ಫೋನಿನ ಫೋಟೊ ನೋಡಿ ರೋಗ ಹೇಳುವ ಅಭ್ಯಾಸ ನನಗಿಲ್ಲ. ಆದರೆ ನಿಮ್ಮ ಮಗನ ಫಿಲ್ಮಿನಲ್ಲಿ ಹೃದಯದ ಬಲಗಡೆ ದೋಣಿಯ ಹಾಯಿ ಬಿಚ್ಚಿದಂತೆ ಒಂದು ಮೂರುಮೂಲೆಯ ನೆರಳಿದೆ. ಅದರ ಅಂಚು ಪಕ್ಕೆಲುಬುಗಳ ಕೆಳಗೆ ಸ್ವಲ್ಪ ಸ್ವಲ್ಪವೇ ತಗ್ಗಿ, ಅಲೆಅಲೆಯಾಗಿ ಕಾಣುತ್ತದೆ. ಮೆತ್ತಗಿರುವ ವಸ್ತುವಿನ ಮೇಲೆ ಮಾತ್ರ ಪಕ್ಕೆಲುಬಿನ ಅಚ್ಚು ಬೀಳುತ್ತದೆ. ಗಟ್ಟಿ ಗಡ್ಡೆಯ ಮೇಲೆ ಹಾಗೆ ಬೀಳುವುದಿಲ್ಲ. ಶ್ವಾಸನಾಳ ಒತ್ತಿಕೊಂಡಿಲ್ಲ, ಪಕ್ಕಕ್ಕೂ ಸರಿದಿಲ್ಲ. ಇವೆಲ್ಲ ಥೈಮಸ್ ಗ್ರಂಥಿಯ ಲಕ್ಷಣ.

ಥೈಮಸ್ ಅಂದರೆ ಎದೆಮೂಳೆಯ ಹಿಂದೆ, ಹೃದಯದ ಮೇಲೆ ಶಾಲು ಹೊದಿಸಿದ ಹಾಗೆ ಕೂತಿರುವ ಗ್ರಂಥಿ. ರೋಗದ ಜೊತೆ ಹೋರಾಡುವ ಟಿ-ಕಣಗಳು ಪಳಗುವುದು ಅಲ್ಲಿಯೇ. ದೇಹದ ಅಳತೆಗೆ ಹೋಲಿಸಿದರೆ ಎಳೆಗೂಸಿನಲ್ಲಿ ಅದು ಬಹಳ ದೊಡ್ಡದು. ಎರಡು ಮೂರು ವರ್ಷದ ಮೇಲೆ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ನನ್ನಂಥ ಮುದುಕಿಯರಲ್ಲಿ ಬರೀ ಕೊಬ್ಬು ಉಳಿದಿರುತ್ತದೆ. ನಿಮ್ಮ ಮಗನಲ್ಲಿ ಅದು ಕಾಣದೇ ಇದ್ದಿದ್ದರೆ ನಾನು ಚಿಂತೆ ಮಾಡುತ್ತಿದ್ದೆ.

ಇನ್ನೊಂದು ಮಾತಿದೆ. ಎಕ್ಸ್‌ರೇ ಟೇಬಲ್ಲಿನ ಮೇಲೆ ಮಗು ಅಳುತ್ತದೆ. ಅತ್ತು ಉಸಿರು ಪೂರ್ತಿ ಹೊರಹಾಕಿದ ಕ್ಷಣದಲ್ಲಿ ಗುಂಡಿ ಒತ್ತಿದರೆ ಹೃದಯವೂ ಥೈಮಸ್ಸೂ ಅಗಲವಾಗಿ ಕೂರುತ್ತವೆ. ಅದೇ ಮಗು ಮತ್ತೆ ಅಳಲು ಉಸಿರೆಳೆದಾಗ ತೆಗೆದರೆ ಎರಡೂ ತೆಳ್ಳಗೆ. ಮಗು ಒಂಚೂರು ಹೊರಳಿದ್ದರೂ ನೆರಳು ಒಂದು ಕಡೆಗೆ ಹಿಗ್ಗುತ್ತದೆ. ಅನುಭವಸ್ಥ ಟೆಕ್ನಿಶಿಯನ್ ಅಳುವಿನ ತಾಳ ಕೇಳಿಕೊಂಡು ಗುಂಡಿ ಒತ್ತುತ್ತಾನೆ. ಹೊಸಬರಿಗೆ ಅದು ಬರುವುದಕ್ಕೆ ಕಾಲ ಬೇಕು.

ಹಾಗಾದರೆ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಅಲ್ಟ್ರಾಸೌಂಡ್. ಈ ವಯಸ್ಸಿನಲ್ಲಿ ಎದೆಮೂಳೆ ಇನ್ನೂ ಬಹುಪಾಲು ಮೆಲ್ಲೆಲುಬು, ಶಬ್ದದ ಅಲೆ ಅದರ ಮೂಲಕ ದಾಟುತ್ತದೆ. ಮಗುವನ್ನು ನಿಮ್ಮ ತೊಡೆಯ ಮೇಲೆ ಮಲಗಿಸಿ, ಜೆಲ್ಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಸ್ವಲ್ಪ ಬೆಚ್ಚಗೆ ಮಾಡಿಸಿ (ತಣ್ಣನೆ ಜೆಲ್ ಹಾಕಿದರೆ ಕೇರಿಯೆಲ್ಲ ಕೇಳುವ ಹಾಗೆ ಅಳುತ್ತದೆ), ಬಾಯಿಗೆ ಹಾಲು ಕೊಡಿ. ಥೈಮಸ್ ಆದರೆ ಪರದೆಯ ಮೇಲೆ ಕಪ್ಪು ಆಕಾಶದಲ್ಲಿ ಚುಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ. ಉಸಿರಾಡಿದ ಹಾಗೆಲ್ಲ ಆಕಾರ ಬದಲಾಯಿಸುತ್ತದೆ, ಹೃದಯ ಬಡಿದಾಗ ಅದರೊಟ್ಟಿಗೆ ಕುಲುಕುತ್ತದೆ. ನಮ್ಮಪ್ಪ ತಿಪಟೂರು ಕಡೆಯವರು. ಅಟ್ಟದ ಮೇಲಿನ ಕಾಯನ್ನು ಒಡೆಯದೆ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದರು. ಅಲ್ಟ್ರಾಸೌಂಡ್ ಹಿಡಿದಾಗಲೆಲ್ಲ ನನಗೆ ಅಟ್ಟದ ಮೇಲೆ ಕೂತ ಅಪ್ಪನ ನೆನಪು.

ರಿಪೋರ್ಟು ಬರೆದವರನ್ನು ಬೈಯಬೇಡಿ. ನಾನೂ ಬರೆದಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಐದು ತಿಂಗಳ ಹೆಣ್ಣುಕೂಸು. ‘ಗಡ್ಡೆ’ ಅಂತ ಬರೆದೆ. ಕೂಸನ್ನು ಉಪವಾಸ ಕೆಡವಿ, ಕೈಕಾಲು ನಾಲ್ಕೂ ಕಡೆ ಚುಚ್ಚಿ ನರ ಹುಡುಕಿ, ಮಂಪರು ಕೊಟ್ಟು ಸಿ.ಟಿ. ಮಾಡಿದರು. ಮಾರನೇ ದಿನ ನಮ್ಮ ಹಿರಿಯರು ನನ್ನ ಎಕ್ಸ್‌ರೇ ಫಿಲ್ಮನ್ನು ಬೆಳಕಿನ ಡಬ್ಬಿಗೆ ಸಿಕ್ಕಿಸಿ, ಪೆನ್ನಿನ ತುದಿಯಿಂದ ಆ ಅಲೆಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದರು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆ ಕೂಸಿನ ಪಾದದ ಮೇಲಿನ ಹತ್ತಿಯ ಉಂಡೆಗಳು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿವೆ.

ನನ್ನ ತಪ್ಪು ಚಿಕ್ಕದು. ವೈದ್ಯಲೋಕ ಇದೇ ಗ್ರಂಥಿಯ ಬಗ್ಗೆ ಮಾಡಿದ ತಪ್ಪು ದೊಡ್ಡದು. ಹಿಂದೆ ಅಂಗರಚನೆ ಕಲಿಯಲು ಸಿಗುತ್ತಿದ್ದುದು ಹೆಚ್ಚಾಗಿ ಬಡವರ ಶವಗಳು. ಬಹುದಿನ ಕಾಯಿಲೆ, ಹಸಿವಿನಿಂದ ನರಳಿದ ಮಕ್ಕಳಲ್ಲಿ ಥೈಮಸ್ ಮುದುಡಿಹೋಗಿರುತ್ತದೆ. ಆ ಮುದುಡಿದ ಅಳತೆಯನ್ನೇ ಸರಿ ಅಂದುಕೊಂಡರು. ಆಮೇಲೆ, ಆರೋಗ್ಯವಾಗಿದ್ದು ಮಲಗಿದಲ್ಲೇ ತೀರಿಕೊಂಡ ಕೂಸುಗಳಲ್ಲಿ ಸಹಜ ಗಾತ್ರದ ಥೈಮಸ್ ಕಂಡಾಗ ‘ಅಯ್ಯೋ, ಇಷ್ಟು ದೊಡ್ಡದು! ಉಸಿರುಕಟ್ಟಿಸಿದ್ದು ಇದೇ’ ಅಂದರು. 1907ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಒಬ್ಬ ವೈದ್ಯರು ಎಕ್ಸ್‌ರೇ ಹಾಯಿಸಿ ಥೈಮಸ್ ಕುಗ್ಗಿಸಿದರು. ಮುಂದಿನ ದಶಕಗಳಲ್ಲಿ ಏನೂ ಆಗಿರದ ಸಾವಿರಾರು ಕೂಸುಗಳ ಕುತ್ತಿಗೆ, ಎದೆಗೆ ವಿಕಿರಣ ಬಿತ್ತು. 1950ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಆದ 28 ಮಕ್ಕಳ ವಿವರ ಪ್ರಕಟವಾದಾಗ, ಅವರಲ್ಲಿ ಮೂರನೇ ಒಂದು ಪಾಲಿನಷ್ಟು ಮಕ್ಕಳಿಗೆ ಎಳವೆಯಲ್ಲಿ ಥೈಮಸ್‌ಗೆಂದು ವಿಕಿರಣ ಕೊಟ್ಟಿದ್ದು ಗೊತ್ತಾಯಿತು.

ಮಗನಿಗೆ ಉಸಿರಿನಲ್ಲಿ ಗೊರಗೊರ ಸದ್ದು, ಹಾಲು ಕುಡಿಯುವಾಗ ನೀಲಿಗಟ್ಟುವುದು, ತೂಕ ಏರದೇ ಇರುವುದು ಇದ್ದರೆ ಮಾತು ಬೇರೆ. ನೀವು ಬರೆದಿದ್ದರಲ್ಲಿ ಅದ್ಯಾವುದೂ ಇಲ್ಲ. ಅಲ್ಟ್ರಾಸೌಂಡ್ ಒಂದು ಮಾಡಿಸಿ.

ಮೇಡಂ, ನಮ್ಮದು ಕುರಿ ಸಾಕುವ ಮನೆತನ. ಅಣ್ಣನ ಮಗ, ಏಳು ವರ್ಷ. ಎಕ್ಸ್‌ರೇದಾಗ ಬಲಗಡೆ ಪುಪ್ಪುಸದಾಗ ಲಿಂಬಿಹಣ್ಣಿನಂಥ ಗುಂಡನೆ ನೆರಳು ಐತಿ ಅಂದ್ರು. ಕ್ಯಾನ್ಸರ್ ಅಂತ ಊರಾಗೆಲ್ಲ ಸುದ್ದಿ ಆಗೇತಿ. (ರಾಣೆಬೆನ್ನೂರು ತಾಲ್ಲೂಕು)

ನೀವು ಬರೆಯದೇ ಬಿಟ್ಟದ್ದು ಒಂದಿದೆ. ಹುಡುಗನಿಗೆ ಜ್ವರ ಇದೆಯೋ ಇಲ್ಲವೋ? ಜ್ವರ, ಕೆಮ್ಮು ಇದ್ದು ನಾಲ್ಕೈದು ದಿನದಲ್ಲಿ ಶುರುವಾದದ್ದಾದರೆ ಅದು ಗುಂಡು ನ್ಯುಮೋನಿಯಾ ಆಗಿರುವ ಸಾಧ್ಯತೆಯೇ ಹೆಚ್ಚು. ಎಂಟು ವರ್ಷದೊಳಗಿನ ಮಕ್ಕಳ ಶ್ವಾಸಕೋಶದಲ್ಲಿ ಗಾಳಿಗೂಡಿನಿಂದ ಗಾಳಿಗೂಡಿಗೆ ಹೋಗುವ ಕಿಂಡಿಗಳು ಇನ್ನೂ ಸರಿಯಾಗಿ ಮೂಡಿರುವುದಿಲ್ಲ. ಹಾಗಾಗಿ ಸೋಂಕು ಹರಡಿಕೊಳ್ಳದೆ ಒಂದೇ ಕಡೆ ಉಂಡೆ ಕಟ್ಟುತ್ತದೆ. ಆಂಟಿಬಯಾಟಿಕ್ ಕೊಟ್ಟು, ಹುಡುಗ ಎದ್ದು ಆಡತೊಡಗಿದ ಮೇಲೆ ಕೆಲವು ವಾರ ಬಿಟ್ಟು ಇನ್ನೊಂದು ಎಕ್ಸ್‌ರೇ ತೆಗೆದರೆ ನಿಂಬೆಹಣ್ಣು ಮಾಯವಾಗಿರುತ್ತದೆ. ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇದೆಯೇ ಅನ್ನುವುದನ್ನೂ ವೈದ್ಯರಿಗೆ ಹೇಳಿ. ನಮ್ಮ ದೇಶದಲ್ಲಿ ಮಗುವಿನ ಎದೆಯ ನೆರಳು ಅಂದ ಮೇಲೆ ಟಿ.ಬಿ. ಬಗ್ಗೆ ಕೇಳದೆ ಬಿಡುವಂತಿಲ್ಲ.

ಜ್ವರವಿಲ್ಲ, ಹುಡುಗ ಗಟ್ಟಿಮುಟ್ಟಾಗಿದ್ದಾನೆ, ನೆರಳು ಮಾತ್ರ ಇದೆ ಅಂತಾದರೆ ಕುರಿಮನೆತನದ ಹುಡುಗನಲ್ಲಿ ನನ್ನ ಮನಸ್ಸು ಹೋಗುವುದು ಹೈಡಾಟಿಡ್ ಗುಳ್ಳೆಯ ಕಡೆಗೆ. ನಾಯಿಯ ಕರುಳಿನಲ್ಲಿರುವ ಒಂದು ಸಣ್ಣ ಲಾಡಿಹುಳದ ಕೆಲಸ ಅದು. ಕುರಿ ಕೊಯ್ದಾಗ ಗುಳ್ಳೆ ಬಿದ್ದ ಪುಪ್ಪುಸ, ಈಲಿಯನ್ನು (ಲಿವರ್) ನಾಯಿಗೆ ಎಸೆಯುತ್ತೇವೆ. ನಾಯಿಯ ಹೊಟ್ಟೆಯಲ್ಲಿ ಹುಳ ಬೆಳೆದು ಮೊಟ್ಟೆ ಮಲದಲ್ಲಿ ಹೊರಬೀಳುತ್ತದೆ. ನಾಯಿಯನ್ನು ಮುದ್ದಾಡಿದ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಕುರಿಮಾಂಸ ತಿಂದರೆ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೂ ಹರಡುವುದಿಲ್ಲ. ಊರವರಿಗೆ ಇಷ್ಟು ಹೇಳಿ. ಅಲ್ಟ್ರಾಸೌಂಡ್‌ನಲ್ಲಿ ಈಲಿಯನ್ನೂ ನೋಡಿಸಿ, ಅಲ್ಲಿಯೂ ಗುಳ್ಳೆ ಇರಬಹುದು. ಗುಳ್ಳೆ ಒಡೆದರೆ ಹುಡುಗ ಉಪ್ಪುಪ್ಪು ನೀರನ್ನೂ ದ್ರಾಕ್ಷಿ ಸಿಪ್ಪೆಯಂಥ ಪೊರೆಯನ್ನೂ ಕೆಮ್ಮಿ ಉಗುಳುತ್ತಾನೆ. ಆಗ ಸಿ.ಟಿ.ಯಲ್ಲಿ ಆ ಪೊರೆ ನೀರಿನ ಮೇಲೆ ತಾವರೆ ಎಲೆಯಂತೆ ತೇಲುತ್ತಿರುತ್ತದೆ. ‘ಗಡ್ಡೆಯೇನೋ ನೋಡೋಣ’ ಅಂತ ಯಾರಾದರೂ ಅದಕ್ಕೆ ಸೂಜಿ ಹಾಕಲು ಹೊರಟರೆ ನಿಮ್ಮ ಕುರಿಗಳ ವಿಷಯ ಮೊದಲು ಹೇಳಿ. ಒಳಗಿನ ನೀರು ಚೆಲ್ಲಿದರೆ ಮೈಯೆಲ್ಲ ಅಲರ್ಜಿ ಎದ್ದು ಜೀವಕ್ಕೇ ಕುತ್ತು ಬರಬಹುದು.

ಅಕ್ಕನ ಮಗನಿಗೆ 11 ವರ್ಷ. ಮೂರು ವಾರದಿಂದ ಕೆಮ್ಮು, ಬೆಳಿಗ್ಗೆ ಎದ್ದಾಗ ಮುಖ ಊದಿರುತ್ತೆ, ರಾತ್ರಿ ಕೂತೇ ನಿದ್ದೆ ಮಾಡ್ತಾನೆ. ದುಡ್ಡು ಕಟ್ಟಿಸಿಕೊಂಡು ಸ್ಕ್ಯಾನಿಂಗ್ ಸೆಂಟರ್‌ನವರು ‘ಮಲಗೋಕೆ ಆಗಲ್ಲ ಅಂದ್ರೆ ಸಿ.ಟಿ. ಮಾಡಲ್ಲ, ದೊಡ್ಡಾಸ್ಪತ್ರೆಗೆ ಹೋಗಿ’ ಅಂತ ವಾಪಸ್ ಕಳಿಸಿದರು. ಬಡವರನ್ನ ಹೀಗೆ ಅಲೆಸೋದು ಸರಿಯಾ? (ಚಳ್ಳಕೆರೆ)

ಅಲೆಸಿದ್ದಲ್ಲ ಸ್ವಾಮಿ, ಉಳಿಸಿದ್ದು. ಆ ಸೆಂಟರಿನಲ್ಲಿ ಯಾರಿದ್ದರೋ, ಅವರ ಕೈಗೆ ನಮಸ್ಕಾರ. ಪತ್ರ ಓದಿದ ಕೂಡಲೇ ನಿಮಗೆ ಫೋನು ಮಾಡಿದ್ದು ಅದಕ್ಕೇ.

ಎದೆಮೂಳೆಯ ಹಿಂದೆ, ಥೈಮಸ್ ಇರುವ ಜಾಗದಲ್ಲೇ ದೊಡ್ಡ ಮಕ್ಕಳಿಗೆ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಬರುತ್ತದೆ. ಅದರಲ್ಲಿ ಟಿ-ಕಣದ ಜಾತಿ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಕೂತಾಗ ಗಡ್ಡೆ ಮುಂದಕ್ಕೆ ಜೋತಿರುತ್ತದೆ. ಅಂಗಾತ ಮಲಗಿಸಿದರೆ ಅದರ ಭಾರವೆಲ್ಲ ಶ್ವಾಸನಾಳದ ಮೇಲೆ, ತಲೆಯಿಂದ ರಕ್ತ ಇಳಿಸುವ ದೊಡ್ಡ ಅಭಿಧಮನಿಯ ಮೇಲೆ. ಬೆಳಿಗ್ಗೆ ಮುಖ ಊದುವುದು ಅದಕ್ಕೇ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಿಮ್ಮ ಹುಡುಗನ ವಯಸ್ಸಿನವನೇ ಒಬ್ಬ, ತಾತನ ಬೆನ್ನಿಗೆ ಬೆನ್ನು ಆನಿಸಿ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ನಾವು ಕಾರಣ ಕೇಳಲಿಲ್ಲ. ಟೇಬಲ್ಲಿನ ಮೇಲೆ ಮಲಗಿಸಿ ಒಂದು ನಿಮಿಷವಾಗಿರಬೇಕು, ಗಾಜಿನ ಈಚೆಯಿಂದ ನೋಡುತ್ತಿದ್ದೆ, ತುಟಿಯ ಬಣ್ಣ ನೇರಳೆ ಹಣ್ಣು ತಿಂದವರ ಹಾಗಾಯಿತು. ಓಡಿಹೋಗಿ ಎಬ್ಬಿಸಿ ಕೂರಿಸಿದೆವು, ಬಣ್ಣ ಮರಳಿತು. ಅವತ್ತು ‘ಹೆದರಿ ಒದ್ದಾಡ್ತಾನೆ’ ಅಂದುಕೊಂಡು ಮಂಪರು ಚುಚ್ಚಿದ್ದರೆ ಅವನು ಮತ್ತೆ ಏಳುತ್ತಿರಲಿಲ್ಲ. ಅಂದಿನಿಂದ ನಮ್ಮಲ್ಲಿ ಬಾಗಿಲಲ್ಲೇ ಕೇಳುವ ಮೊದಲ ಪ್ರಶ್ನೆ ‘ರಾತ್ರಿ ಹೇಗೆ ಮಲಗ್ತಾನೆ?’

ಇಂಥ ಹುಡುಗನಿಗೆ ಸುಲಭದ ದಾರಿಗಳು ಮೊದಲು. ಕೂರಿಸಿಯೇ ಎಕ್ಸ್‌ರೇ. ಕೂರಿಸಿಯೇ ಅಲ್ಟ್ರಾಸೌಂಡ್: ಎದೆಯಲ್ಲಿ ನೀರು ತುಂಬಿದ್ದರೆ ಅಷ್ಟೇ ಜಾಗ ಮರಗಟ್ಟಿಸಿ ಸೂಜಿಯಲ್ಲಿ ತೆಗೆದು ಪರೀಕ್ಷೆ ಮಾಡಬಹುದು. ರಕ್ತದಲ್ಲೋ ಕುತ್ತಿಗೆಯ ಗಂಟಿನಲ್ಲೋ ಉತ್ತರ ಸಿಕ್ಕರೆ ಎದೆಯನ್ನು ಮುಟ್ಟುವುದೇ ಬೇಡ. ಸಿ.ಟಿ. ಬೇಕೇ ಆದರೆ ಪಕ್ಕಕ್ಕೋ ಬೋರಲೋ ಮಲಗಿಸಿ, ಅರಿವಳಿಕೆ ವೈದ್ಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮಂಪರಿಲ್ಲದೆ ಮಾಡುತ್ತಾರೆ. ಈಗಿನ ಯಂತ್ರಕ್ಕೆ ಮಗುವಿನ ಎದೆ ಕೆಲವೇ ಸೆಕೆಂಡಿನ ಕೆಲಸ. ಶ್ವಾಸನಾಳದ ಅಡ್ಡಸೀಳಿನ ವಿಸ್ತೀರ್ಣ ವಯಸ್ಸಿಗೆ ಇರಬೇಕಾದ್ದರ ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಪೂರ್ತಿ ಅರಿವಳಿಕೆ ಕೊಡಲು ಯಾರೂ ಧೈರ್ಯ ಮಾಡುವುದಿಲ್ಲ.

ಊರಿನ ವೈದ್ಯಮಿತ್ರರಲ್ಲೂ ಒಂದು ಕೋರಿಕೆ. ಮಲಗಲಾಗದ ಮಗುವಿಗೆ ಆಸ್ತಮಾ ಅಂದುಕೊಂಡು ಸ್ಟೆರಾಯ್ಡ್ ಶುರು ಮಾಡುವ ಮುನ್ನ ಒಂದು ಎಕ್ಸ್‌ರೇ ನೋಡಿ. ಲಿಂಫೋಮಾ ಸ್ಟೆರಾಯ್ಡಿಗೆ ಕರಗಿ ಮುಖ ಮರೆಸಿಕೊಳ್ಳುತ್ತದೆ, ಆಮೇಲೆ ಬಯಾಪ್ಸಿಯಲ್ಲಿ ಜಾತಿ ಹೇಳುವುದೇ ಕಷ್ಟವಾಗುತ್ತದೆ.

ನಮ್ಮ ಪಾಪುಗೆ ಎರಡೂವರೆ ವರ್ಷ. ಹೃದಯದ ಹಿಂದೆ ಗಡ್ಡೆ ಇದೆ ಅಂತ ಸಿ.ಟಿ. ಆಯ್ತು. ಈಗ ಎಂ.ಆರ್.ಐ. ಅಂತಾರೆ. ಒಂದಾದಮೇಲೊಂದು ಸ್ಕ್ಯಾನ್ ಯಾಕೆ? ನಾಲ್ಕು ದಿನದಿಂದ ಬಲಗಾಲು ಎಳೆದು ನಡೀತಾಳೆ, ಬಿದ್ದಿರಬೇಕು. (ಒಬ್ಬ ತಂದೆ, ಸಿಂಧನೂರು)

ನಿಮ್ಮ ಪತ್ರದ ಕೊನೆಯ ಸಾಲು ಮೊದಲನೆಯದಾಗಬೇಕಿತ್ತು. ಬಿದ್ದಿದ್ದಲ್ಲ ಅನ್ನುವುದು ನನ್ನ ಅನುಮಾನವಾಗಿತ್ತು. ಫೋನಿನಲ್ಲಿ ಹೇಳಿದ ಮೇಲೆ ನೀವು ಅದೇ ರಾತ್ರಿ ಬಸ್ಸು ಹತ್ತಿದಿರಿ, ಒಳ್ಳೆಯದಾಯಿತು.

ಮಕ್ಕಳ ಎದೆಯ ಗಡ್ಡೆಯಲ್ಲಿ ಜಾಗವೇ ಅರ್ಧ ಉತ್ತರ. ಮುಂದೆ ಇದ್ದರೆ ಥೈಮಸ್, ಲಿಂಫೋಮಾದ ಕಡೆಗೆ ಯೋಚನೆ. ನಡುವೆ ಇದ್ದರೆ ದುಗ್ಧಗಂಟು, ಹುಟ್ಟಿನಿಂದಲೇ ಬಂದ ನೀರುಗುಳ್ಳೆ. ಹಿಂದೆ, ಬೆನ್ನುಮೂಳೆಗೆ ಆತುಕೊಂಡಿದ್ದರೆ ನರದ ಗಡ್ಡೆ. ಎರಡೂವರೆ ವರ್ಷಕ್ಕೆ, ಆ ಜಾಗಕ್ಕೆ, ಸಿ.ಟಿ.ಯಲ್ಲಿ ಸುಣ್ಣದ ಪುಡಿ ಉದುರಿಸಿದಂಥ ಚುಕ್ಕೆಗಳೂ ಇದ್ದರೆ ಮೊದಲು ನೆನಪಾಗುವುದು ನ್ಯೂರೋಬ್ಲಾಸ್ಟೋಮಾ, ಎಳೆಯ ನರಕಣಗಳಿಂದ ಹುಟ್ಟುವ ಕ್ಯಾನ್ಸರ್. ಸಿ.ಟಿ. ಸುಣ್ಣವನ್ನು, ಪಕ್ಕೆಲುಬು ಸವೆದದ್ದನ್ನು, ಶ್ವಾಸಕೋಶವನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಈ ಗಡ್ಡೆಗೆ ಒಂದು ಕೆಟ್ಟ ಚಾಳಿಯಿದೆ. ಬೆನ್ನುಮೂಳೆಯಿಂದ ನರಗಳು ಹೊರಬರುವ ಕಿಂಡಿಗಳಲ್ಲಿ ಬೇರಿನ ಹಾಗೆ ನುಗ್ಗಿ ಬೆನ್ನುಹುರಿಯನ್ನು ಒತ್ತುತ್ತದೆ. ಕಾಲು ಎಳೆಯುವುದು, ಇದ್ದಕ್ಕಿದ್ದಂತೆ ಉಚ್ಚೆ ಕಟ್ಟುವುದು ಅದರ ಕರೆಗಂಟೆ. ಒಳಗೆ ಎಷ್ಟು ನುಗ್ಗಿದೆ ಅನ್ನುವುದನ್ನು ಎಂ.ಆರ್.ಐ. ತೋರಿಸುವ ಹಾಗೆ ಬೇರೆ ಯಾವುದೂ ತೋರಿಸುವುದಿಲ್ಲ. ಅಲ್ಲಿ ತಡ ಮಾಡಿದರೆ ಕಾಲಿನ ಶಕ್ತಿ ಮರಳದೇ ಹೋಗಬಹುದು. ಆಮೇಲೆ ಗಡ್ಡೆಯ ಜಾತಿ ಖಾತ್ರಿ ಮಾಡಿಕೊಳ್ಳಲು ಮೂತ್ರಪರೀಕ್ಷೆ, ಗಡ್ಡೆ ಮೈಯಲ್ಲಿ ಬೇರೆಲ್ಲಿಗೆ ಹರಡಿದೆ ಅಂತ ಹುಡುಕುವುದಕ್ಕೆ ಅಸ್ಥಿಮಜ್ಜೆಯ ಪರೀಕ್ಷೆ, ಎಂ.ಐ.ಬಿ.ಜಿ. ಸ್ಕ್ಯಾನ್ ಅಂತ ಬರುತ್ತದೆ. ಎದೆಯಲ್ಲಿ ಹುಟ್ಟಿದ ನ್ಯೂರೋಬ್ಲಾಸ್ಟೋಮಾ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕಿಂತ ಸಾಮಾನ್ಯವಾಗಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ ಅನ್ನುವುದೂ ನಿಜ.

ಎಂ.ಆರ್.ಐ.ಗೆ ಈ ವಯಸ್ಸಿನವರಿಗೆ ಮಂಪರು ಬೇಕು. ಹಸುವಿನ ಹಾಲು, ತಿಂಡಿ ಆರು ಗಂಟೆ ಮೊದಲೇ ನಿಲ್ಲಬೇಕು, ಎದೆಹಾಲು ನಾಲ್ಕು ಗಂಟೆ, ನೀರು ಎರಡು ಗಂಟೆ. ಅಳುತ್ತಾಳೆ ಅಂತ ಕರಗಿ ಕಾರಿಡಾರಿನಲ್ಲಿ ಬಿಸ್ಕೆಟ್ ಕೊಟ್ಟುಬಿಟ್ಟರೆ ಆ ದಿನದ ಸರದಿ ಹೋಯಿತು. ಉಡುದಾರ, ಕಾಲ್ಗೆಜ್ಜೆ, ತಾಯಿತ ಎಲ್ಲ ಮನೆಯಲ್ಲೇ ಬಿಚ್ಚಿಡಿ. ಎಕ್ಸ್‌ರೇಗೂ ಅಷ್ಟೇ. ಹೆಣ್ಣುಮಗುವಿನ ಎಣ್ಣೆ ಹಾಕಿ ಬಿಗಿದ ಜಡೆ ಹೆಗಲ ಮುಂದೆ ಬಿದ್ದು, ಪುಪ್ಪುಸದ ಮೇಲ್ಭಾಗದಲ್ಲಿ ಟಿ.ಬಿ. ಇದ್ದ ಹಾಗೆ ಕಂಡದ್ದನ್ನು ನಾನೇ ನೋಡಿದ್ದೇನೆ. ಜಡೆ ಎತ್ತಿ ಕಟ್ಟಿ ಮತ್ತೊಮ್ಮೆ ತೆಗೆದರೆ ಟಿ.ಬಿ. ವಾಸಿ!

ಖರ್ಚಿನ ಬಗ್ಗೆಯೂ ಒಂದು ಮಾತು. ಬಿ.ಪಿ.ಎಲ್. ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಬೆಂಗಳೂರಿನ ಕಿದ್ವಾಯಿಯಲ್ಲಿ ಮಕ್ಕಳ ಕ್ಯಾನ್ಸರ್ ವಿಭಾಗವೇ ಇದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಪದೇ ಪದೇ ಎಕ್ಸ್‌ರೇ, ಸಿ.ಟಿ. ಮಾಡಿಸಿದರೆ ಅದರಿಂದಲೇ ಕ್ಯಾನ್ಸರ್ ಬರುವುದಿಲ್ಲವೇ? (ಶಿಕ್ಷಕಿ, ಪುತ್ತೂರು)

ಲೆಕ್ಕ ಹೇಳುತ್ತೇನೆ. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ಬೀಳುವ ಸಹಜ ವಿಕಿರಣ ವರ್ಷಕ್ಕೆ ಜಗತ್ತಿನ ಸರಾಸರಿ 2.4 ಮಿಲಿಸೀವರ್ಟ್. ಒಂದು ಎದೆಯ ಎಕ್ಸ್‌ರೇ ಹೆಚ್ಚುಕಡಿಮೆ 0.02, ಅಂದರೆ ಮೂರು ದಿನ ಸುಮ್ಮನೆ ಮನೆಯಲ್ಲಿ ಕೂತಷ್ಟು. ಮಗುವಿನ ಅಳತೆಗೆ ಯಂತ್ರವನ್ನು ಹೊಂದಿಸಿ ಮಾಡಿದ ಎದೆಯ ಸಿ.ಟಿ. ಸುಮಾರು 1ರಿಂದ 3. ಎಕ್ಸ್‌ರೇಗೆ ಹೆದರಬೇಡಿ. ಸಿ.ಟಿ.ಗೆ ಕಾರಣ ಕೇಳಿ, ಕಾರಣ ಸರಿಯಿದ್ದರೆ ಮಾಡಿಸಿ. ದೊಡ್ಡವರ ಅಳತೆಯಲ್ಲೇ ಮಗುವಿಗೂ ಹೊಡೆದುಬಿಡುವ ಸೋಮಾರಿತನ ಕೆಲವು ಕಡೆ ಇದೆ, ‘ಮಕ್ಕಳ ಸೆಟ್ಟಿಂಗ್‌ನಲ್ಲಿ ಮಾಡ್ತೀರಾ?’ ಅಂತ ಕೇಳುವ ಹಕ್ಕು ನಿಮಗಿದೆ. ಅಲ್ಟ್ರಾಸೌಂಡ್, ಎಂ.ಆರ್.ಐ.ಗಳಲ್ಲಿ ಈ ವಿಕಿರಣವೇ ಇಲ್ಲ.

ಮಗಳಿಗೆ 14. ಹಾಡ್ಗ್‌ಕಿನ್ ಲಿಂಫೋಮಾಗೆ ಕೆಮೋ ಮುಗಿದು ಐದು ತಿಂಗಳು. ಚೆನ್ನಾಗಿದ್ದಾಳೆ, ಸ್ಕೂಲಿಗೂ ಹೋಗ್ತಿದ್ದಾಳೆ. ಈಗ ಪೆಟ್ ಸ್ಕ್ಯಾನಿನಲ್ಲಿ ಅದೇ ಜಾಗದಲ್ಲಿ ಮತ್ತೆ ಏನೋ ಕಂಡಿದೆ ಅಂತಾರೆ. (ಒಬ್ಬ ತಾಯಿ, ಮೈಸೂರು)

ಕಾಯಿಲೆ ಮರಳುವುದುಂಟು, ಇಲ್ಲ ಅನ್ನುವುದಿಲ್ಲ. ಆದರೆ ಈ ವಯಸ್ಸಿನಲ್ಲಿ, ಕೆಮೋ ಮುಗಿದ ಕೆಲವು ತಿಂಗಳಿಗೆ, ಅದೇ ಜಾಗದಲ್ಲಿ ಮರಳುವುದು ಇನ್ನೊಂದಿದೆ. ಮೊದಲ ಪತ್ರದ ಕೂಸಿನ ಎದೆಯಲ್ಲಿ ಕಂಡದ್ದೇ, ಥೈಮಸ್. ಕೆಮೋ ಹೊಡೆತಕ್ಕೆ ಮುದುಡಿದ್ದದ್ದು ಮೈ ಚೇತರಿಸಿಕೊಂಡ ಹಾಗೆ ಮೊದಲಿಗಿಂತ ದಪ್ಪಗೆ ಚಿಗುರುತ್ತದೆ. ಪೆಟ್ ಸ್ಕ್ಯಾನಿಗೆ ಚುಚ್ಚುವುದು ಒಂದು ಬಗೆಯ ಸಕ್ಕರೆ. ಚಿಗುರುವ ಥೈಮಸ್ಸೂ ಸಕ್ಕರೆ ತಿನ್ನುತ್ತದೆ, ಹಾಗಾಗಿ ಸ್ವಲ್ಪ ಬೆಳಗುತ್ತದೆ. ಅದರ ಬೆಳಕು ಮಂದ, ಎಲ್ಲ ಕಡೆ ಒಂದೇ ಸಮ, ಆಕಾರ ತಲೆಕೆಳಗಾದ ವಿ. ಉಂಡೆಉಂಡೆಯಾಗಿ, ಒಂದು ಕಡೆ ಮಾತ್ರ ಜೋರಾಗಿ ಉರಿದರೆ ಅನುಮಾನ. ಎಂ.ಆರ್.ಐ.ಯಲ್ಲಿ ಕೊಬ್ಬಿನ ಅಂಶ ಹುಡುಕುವ ಒಂದು ವಿಧಾನದಿಂದ ಎರಡನ್ನೂ ಎಷ್ಟೋ ಸಲ ಬೇರ್ಪಡಿಸಬಹುದು. ಕಾದು ಇನ್ನೊಮ್ಮೆ ಸ್ಕ್ಯಾನ್ ಮಾಡೋಣ ಅಂತ ನಿಮ್ಮ ಕ್ಯಾನ್ಸರ್ ವೈದ್ಯರು ಹೇಳಿದರೆ ಅದು ಉದಾಸೀನವಲ್ಲ. ಬಯಾಪ್ಸಿಗೆ ಮುಂಚೆ ಹಳೆಯ ಸಿ.ಡಿ.ಗಳನ್ನೆಲ್ಲ ಒಯ್ದು, ಹೊಸದರ ಪಕ್ಕ ಇಟ್ಟು ನೋಡಿ ಅಂತ ಕೇಳಿಕೊಳ್ಳಿ. ರಿಪೋರ್ಟಿನ ಹಾಳೆಯಷ್ಟೇ ಸಾಲದು.

ಮುಂದಿನ ಸಲ ಪೆಟ್ ಸ್ಕ್ಯಾನಿಗೆ ಹೋಗುವಾಗ ಅವಳಿಗೆ ದಪ್ಪ ಸ್ವೆಟರ್ ಹಾಕಿ, ಕಾಲಿಗೆ ಸಾಕ್ಸ್. ಸೂಜಿ ಚುಚ್ಚಿದ ಮೇಲೆ ಸುಮಾರು ಒಂದು ಗಂಟೆ ಎ.ಸಿ. ಕೋಣೆಯಲ್ಲಿ ಕೂರಿಸುತ್ತಾರೆ. ಚಳಿಯಾದರೆ ಕುತ್ತಿಗೆ, ಹೆಗಲಿನ ಕಂದುಕೊಬ್ಬು ಮೈ ಬೆಚ್ಚಗಿಡಲು ಆ ಸಕ್ಕರೆಯನ್ನೇ ಉರಿಸಿ ಫಿಲ್ಮಿನಲ್ಲಿ ಗಂಟುಗಳ ಹಾಗೆ ಬೆಳಗುತ್ತದೆ. ಕಂಬಳಿಯೊಂದು ಇದ್ದರೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ.